ಯಾರ ಮತ, ಯಾವ ದಿನದ ಮತ? ಇಂಗ್ಲೆಂಡಿನ ‘ವರ್ಷದ ಫುಟ್‌ಬಾಲ್ ಆಟಗಾರ’

ಇಂಗ್ಲೆಂಡಿನಲ್ಲಿ ‘ವರ್ಷದ ಆಟಗಾರ’ ಎಂಬ ಬಿರುದನ್ನು ಇಬ್ಬರು ಕೊಡುತ್ತಾರೆ. ಮೊದಲನೆಯವರು ಪತ್ರಕರ್ತರು. ಫುಟ್‌ಬಾಲ್ ರೈಟರ್ಸ್ ಅಸೋಸಿಯೇಷನ್ ಎಂಬ ಅವರ ಸಂಘ ಹುಟ್ಟಿದ್ದು 1947ರಲ್ಲಿ. ಮರುವರ್ಷವೇ ಮೊದಲ ಪ್ರಶಸ್ತಿಯನ್ನು ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರಿಗೆ ಕೊಟ್ಟರು. ಎರಡನೆಯವರು ಆಟಗಾರರೇ. ಪ್ರೊಫೆಷನಲ್ ಫುಟ್‌ಬಾಲರ್ಸ್ ಅಸೋಸಿಯೇಷನ್ ಎಂಬ ಅವರ ಸಂಘ 1907ರಷ್ಟು ಹಳೆಯದಾದರೂ ಪ್ರಶಸ್ತಿ ಶುರುವಾದದ್ದು 1974ರಲ್ಲಿ, ಲೀಡ್ಸ್ ಯುನೈಟೆಡ್‌ನ ಡಿಫೆಂಡರ್ ನಾರ್ಮನ್ ಹಂಟರ್ ಅವರಿಂದ. ಎರಡೂ ಮತದಿಂದ ತೀರ್ಮಾನವಾಗುವ ಪ್ರಶಸ್ತಿಗಳು. ಲೆಕ್ಕಕ್ಕೆ ಹಿಡಿಯುವುದು ಆಗಸ್ಟ್‌ನಿಂದ ಮುಂದಿನ ಮೇ ತಿಂಗಳವರೆಗಿನ ಒಂದು ಋತುವನ್ನು. ಆಟಗಾರ ಇಂಗ್ಲೆಂಡಿನವನೇ ಆಗಿರಬೇಕೆಂದಿಲ್ಲ, ಅಲ್ಲಿನ ಕ್ಲಬ್ಬಿನ ಪರವಾಗಿ ಆಡುತ್ತಿದ್ದರೆ ಸಾಕು. ಮಹಿಳೆಯರಿಗೆ ಆಟಗಾರರ ಸಂಘ 2013ರಲ್ಲಿ ಪ್ರಶಸ್ತಿ ಕೊಡಲು ತೊಡಗಿತು, ಮೊದಲು ಪಡೆದವರು ಕಿಮ್ ಲಿಟ್ಲ್. ಬರಹಗಾರರ ಸಂಘ 2018ರಲ್ಲಿ ಆರಂಭಿಸಿತು, ಮೊದಲು ಪಡೆದವರು ಫ್ರಾನ್ ಕರ್ಬಿ. ಎಪ್ಪತ್ತು ವರ್ಷ ತಡವಾಗಿ ಬಂದ ಮಾನ್ಯತೆ ಅದು.

ಇಷ್ಟು ಹೇಳಿ ಮುಗಿಸುವುದರೊಳಗೆ ಎದುರಿಗಿರುವವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಅಂದರೆ ಆ ವರ್ಷ ಜಾಸ್ತಿ ಗೋಲು ಹೊಡೆದವನಿಗೆ ಸಿಗುತ್ತದೆ, ಅಲ್ಲವೇ?’

ಅಲ್ಲ. ಗೋಲಿನ ಲೆಕ್ಕಕ್ಕೆ ಗೋಲ್ಡನ್ ಬೂಟ್ ಎಂಬ ಬೇರೆ ಬಹುಮಾನವೇ ಇದೆ. ಅದಕ್ಕೆ ಮತವೂ ಬೇಡ, ಚರ್ಚೆಯೂ ಬೇಡ, ಎಣಿಸಿದರಾಯಿತು. ಜಿಮ್ಮಿ ಗ್ರೀವ್ಸ್ ಅವರನ್ನು ನೋಡಿ. ಇಂಗ್ಲೆಂಡಿನ ಅಗ್ರ ಡಿವಿಷನ್ನಿನಲ್ಲಿ ಅವರು ಹೊಡೆದ ಗೋಲುಗಳು 357. ಅಲ್ಲಿ ಅದನ್ನು ಮೀರಿಸಿದವರು ಇಂದಿಗೂ ಇಲ್ಲ. ಆರು ಋತುಗಳಲ್ಲಿ ಲೀಗಿನ ಅತಿ ಹೆಚ್ಚು ಗೋಲುಗಳು ಅವರವೇ. ಅಂಥವರ ಹೆಸರು ಬರಹಗಾರರ ಸಂಘದ ಪಟ್ಟಿಯಲ್ಲಿ ಒಮ್ಮೆಯೂ ಬಂದಿಲ್ಲ. ಡೆನಿಸ್ ಲಾ ಅವರ ಕತೆ ಇನ್ನೂ ಸೋಜಿಗದ್ದು. 1964ರಲ್ಲಿ ಅವರು ಇಡೀ ಯುರೋಪಿನ ವರ್ಷದ ಆಟಗಾರರೆನಿಸಿದರು. ಇಂಗ್ಲೆಂಡಿನ ಪತ್ರಕರ್ತರು ಆ ವರ್ಷ ಆರಿಸಿಕೊಂಡದ್ದು ಗೋಲು ಹೊಡೆಯುವವರನ್ನಲ್ಲ, ಗೋಲಾಗದಂತೆ ತಡೆಯುವವರನ್ನು: ವೆಸ್ಟ್ ಹ್ಯಾಮ್‌ನ ಬಾಬಿ ಮೂರ್.

ಇದಕ್ಕೆ ಕಾರಣ ಪ್ರಶಸ್ತಿಯ ಮೂಲ ಉದ್ದೇಶದಲ್ಲೇ ಇದೆ. ಈ ಪ್ರಶಸ್ತಿ ಇರಲಿ ಎಂದು ಸೂಚಿಸಿದವರು ಚಾರ್ಲ್ಸ್ ಬಕನ್. ಅವರು ತಾವೇ ಹೆಸರು ಮಾಡಿದ ಆಟಗಾರರಾಗಿದ್ದು ಆಮೇಲೆ ಪತ್ರಕರ್ತರಾದವರು. ನುಡಿಯಿಂದಲೂ ನಡೆಯಿಂದಲೂ ಮಿಕ್ಕವರಿಗೆ ಮಾದರಿಯಾಗಿರುವ ಆಟಗಾರನನ್ನು ಗುರುತಿಸಬೇಕು ಎಂಬುದು ಸಂಸ್ಥಾಪಕರ ಆಶಯವಾಗಿತ್ತು. ಹಾಗಾಗಿಯೇ ಆರಂಭದ ಪಟ್ಟಿಯಲ್ಲಿ ಗೋಲುಗಾರರಿಗಿಂತ ನಾಯಕರು ಹೆಚ್ಚು ಕಾಣುತ್ತಾರೆ: ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾನಿ ಕೇರಿ, ಆರ್ಸೆನಲ್‌ನ ಜೋ ಮರ್ಸರ್, ಬ್ಲ್ಯಾಕ್‌ಪೂಲ್‌ನ ಹ್ಯಾರಿ ಜಾನ್‌ಸ್ಟನ್, ವುಲ್ವ್ಸ್‌ನ ಬಿಲ್ಲಿ ರೈಟ್. 1949ರಿಂದ 1952ರವರೆಗೆ ಸಾಲಾಗಿ ನಾಲ್ವರು, ನಾಲ್ವರೂ ತಂಡದ ನಾಯಕರು. ಅಂದಿನ ಪತ್ರಕರ್ತರ ಕಣ್ಣಿಗೆ ‘ಉತ್ತಮ’ ಅಂದರೆ ತಂಡವನ್ನು ಹಿಡಿದು ನಡೆಸುವವನು.

ಗೋಲ್‌ಕೀಪರ್‌ಗಳ ಪಾಡು ಮಾತ್ರ ಎರಡೂ ಕಡೆ ಕಷ್ಟದ್ದೇ. ಬರಹಗಾರರ ಪಟ್ಟಿಯಲ್ಲಿ ಅವರು ನಾಲ್ವರೇ: 1956ರಲ್ಲಿ ಬರ್ಟ್ ಟ್ರಾಟ್‌ಮನ್, 1972ರಲ್ಲಿ ಗಾರ್ಡನ್ ಬ್ಯಾಂಕ್ಸ್, 1973ರಲ್ಲಿ ಪ್ಯಾಟ್ ಜೆನ್ನಿಂಗ್ಸ್, 1985ರಲ್ಲಿ ನೆವಿಲ್ ಸೌತಾಲ್. ಆಟಗಾರರ ಪಟ್ಟಿಯಲ್ಲಿ ಇಬ್ಬರೇ, 1976ರಲ್ಲಿ ಜೆನ್ನಿಂಗ್ಸ್ ಮತ್ತು 1978ರಲ್ಲಿ ಪೀಟರ್ ಶಿಲ್ಟನ್. ತೊಂಬತ್ತು ನಿಮಿಷದಲ್ಲಿ ಒಮ್ಮೆ ಮಾಡಿದ ತಪ್ಪು ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಸರಿಯಾದ ಜಾಗದಲ್ಲಿ ನಿಂತು ಹೊಡೆತವೇ ಬರದಂತೆ ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಸ್ಥಾನಕ್ಕೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ತಾರೀಖು ನೋಡಿ, ಆಮೇಲೆ ಹೆಸರು ನೋಡಿ

ಈ ಅಧ್ಯಾಯದಲ್ಲಿ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಪ್ರಶಸ್ತಿ ಪಟ್ಟಿಯನ್ನು ಕೈಗೆತ್ತಿಕೊಂಡವರು ಹೆಸರು ಮತ್ತು ಇಸವಿಯನ್ನು ಅಕ್ಕಪಕ್ಕ ಇಟ್ಟು ‘ಆ ವರ್ಷದ ದೊಡ್ಡ ಘಟನೆಗಾಗಿ ಇವರಿಗೆ ಸಿಕ್ಕಿರಬೇಕು’ ಎಂದು ಊಹಿಸುತ್ತಾರೆ. ಹೆಚ್ಚಿನ ಸಲ ಆ ಊಹೆ ತಪ್ಪಾಗುತ್ತದೆ. ಯಾಕೆಂದರೆ ಮತದಾನ ಮುಗಿಯುವುದು ಋತು ಮುಗಿಯುವ ಮೊದಲೇ.

ಬರಹಗಾರರ ಸಂಘದ ಪದ್ಧತಿ ನೋಡಿ. ಇಂಗ್ಲೆಂಡಿನಲ್ಲಿ ಋತುವಿನ ಕೊನೆಯ ದೊಡ್ಡ ಪಂದ್ಯ ವೆಂಬ್ಲಿಯ ಎಫ್.ಎ. ಕಪ್ ಫೈನಲ್. ಆ ಫೈನಲ್‌ಗಾಗಿ ದೇಶದ ಕ್ರೀಡಾ ವರದಿಗಾರರೆಲ್ಲ ಹೇಗೂ ಲಂಡನ್‌ಗೆ ಬಂದಿರುತ್ತಾರೆ. ಅದಕ್ಕೇ ಪ್ರಶಸ್ತಿಯ ಔತಣಕೂಟವನ್ನು ಫೈನಲ್‌ನ ಹೊಸ್ತಿಲಲ್ಲಿ ಇಟ್ಟುಕೊಂಡರು. ಎಲ್ಲರಿಗೂ ಅನುಕೂಲವಾದ ಏರ್ಪಾಡು. ಆದರೆ ಅದರಿಂದಾದ ಪರಿಣಾಮವೇನು? ಋತುವಿನ ಅತಿ ದೊಡ್ಡ ಪಂದ್ಯದಲ್ಲಿ ಯಾರು ಏನು ಮಾಡಿದರು ಎಂಬುದು ಪ್ರಶಸ್ತಿಯ ಲೆಕ್ಕಕ್ಕೆ ಬರುವಂತೆಯೇ ಇಲ್ಲ. ಪರೀಕ್ಷೆಯ ಕೊನೆಯ ಪತ್ರಿಕೆ ಬರೆಯುವ ಮುಂಚೆಯೇ ರ‍್ಯಾಂಕ್ ಘೋಷಿಸಿದ ಹಾಗೆ.

1953ನ್ನು ತೆಗೆದುಕೊಳ್ಳಿ. ಆ ವರ್ಷದ ಮೇ 2ರ ಫೈನಲ್ ಇಂಗ್ಲಿಷ್ ಫುಟ್‌ಬಾಲ್ ಇತಿಹಾಸದಲ್ಲಿ ‘ಮ್ಯಾಥ್ಯೂಸ್ ಫೈನಲ್’ ಎಂದೇ ಹೆಸರಾಗಿದೆ. ಬ್ಲ್ಯಾಕ್‌ಪೂಲ್ ಎದುರು ಬೋಲ್ಟನ್ 3–1ರಿಂದ ಮುಂದಿತ್ತು, ಪಂದ್ಯ ಮುಗಿಯಲು ಅರ್ಧ ಗಂಟೆಯೂ ಉಳಿದಿರಲಿಲ್ಲ. ಮೂವತ್ತೆಂಟರ ಮ್ಯಾಥ್ಯೂಸ್ ಬಲ ಅಂಚಿನಲ್ಲಿ ಚೆಂಡು ಹಿಡಿದು ಮತ್ತೆ ಮತ್ತೆ ಒಳನುಗ್ಗಿದರು. ಸ್ಟ್ಯಾನ್ ಮಾರ್ಟೆನ್‌ಸನ್ ತಮ್ಮ ಮೂರನೆಯ ಗೋಲು ಹೊಡೆದು 3–3 ಮಾಡಿದರು. ಹೆಚ್ಚುವರಿ ಸಮಯ ಬೇಕಾಗುತ್ತದೇನೋ ಎನ್ನುವಾಗ ಮ್ಯಾಥ್ಯೂಸ್ ಬೈಲೈನ್‌ವರೆಗೆ ಓಡಿ ಹಿಂದಕ್ಕೆ ಕೊಟ್ಟ ಚೆಂಡನ್ನು ಬಿಲ್ ಪೆರಿ ಗೋಲಿನೊಳಕ್ಕೆ ತಳ್ಳಿದರು. 4–3. ಇದನ್ನು ಓದಿದ ಯಾರೇ ಆಗಲಿ 1953ರ ವರ್ಷದ ಆಟಗಾರ ಮ್ಯಾಥ್ಯೂಸ್ ಎಂದೇ ಹೇಳುತ್ತಾರೆ. ಪಟ್ಟಿಯಲ್ಲಿರುವ ಹೆಸರು ನ್ಯಾಟ್ ಲಾಫ್ಟ್‌ಹೌಸ್. ಅವರು ಅದೇ ಫೈನಲ್‌ನಲ್ಲಿ ಸೋತ ಬೋಲ್ಟನ್ ತಂಡದ ಫಾರ್ವರ್ಡ್! ಇದರಲ್ಲಿ ಪಕ್ಷಪಾತವೂ ಇಲ್ಲ, ಪ್ರಮಾದವೂ ಇಲ್ಲ. ಆ ಕಪ್ ಟೂರ್ನಿಯ ಪ್ರತಿಯೊಂದು ಸುತ್ತಿನಲ್ಲೂ ಲಾಫ್ಟ್‌ಹೌಸ್ ಗೋಲು ಹೊಡೆಯುತ್ತ ಬಂದಿದ್ದರು. ಫೈನಲ್‌ನಲ್ಲೂ ಎರಡನೆಯ ನಿಮಿಷದಲ್ಲೇ ಹೊಡೆದರು. ಮತ ಬಿದ್ದ ದಿನದವರೆಗೆ ನೋಡಿದರೆ ಆಯ್ಕೆ ನೂರಕ್ಕೆ ನೂರು ಸರಿ.

ಇದು ಒಂದು ವರ್ಷದ ಆಕಸ್ಮಿಕವಲ್ಲ. 1948ರಲ್ಲಿ ಪ್ರಶಸ್ತಿ ಪಡೆದ ಮ್ಯಾಥ್ಯೂಸ್ ಆ ವರ್ಷದ ಫೈನಲ್‌ನಲ್ಲಿ ಸೋತರು. 1951ರಲ್ಲಿ ಜಾನ್‌ಸ್ಟನ್, 1954ರಲ್ಲಿ ಪ್ರೆಸ್ಟನ್‌ನ ಟಾಮ್ ಫಿನ್ನಿ, 1955ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಡಾನ್ ರೆವಿ, 1959ರಲ್ಲಿ ಲೂಟನ್‌ನ ಸಿಡ್ ಓವನ್, 1962ರಲ್ಲಿ ಬರ್ನ್ಲಿಯ ಜಿಮ್ಮಿ ಆಡಮ್ಸನ್, 1965ರಲ್ಲಿ ಲೀಡ್ಸ್‌ನ ಬಾಬಿ ಕಾಲಿನ್ಸ್, ಎಲ್ಲರದೂ ಅದೇ ಕತೆ. ಆ ವಾರ ಬಿರುದು ಕೈಗೆ ಬಂತು, ಕಪ್ ಕೈತಪ್ಪಿತು.

ಪಟ್ಟಿಯನ್ನು ಇನ್ನೊಂದು ಬಗೆಯಲ್ಲಿ ಓದಿದರೆ ಮತ್ತೊಂದು ಸಂಗತಿ ಹೊಳೆಯುತ್ತದೆ. 1948ರಿಂದ 1965ರವರೆಗಿನ ಹದಿನೆಂಟು ಪ್ರಶಸ್ತಿಗಳಲ್ಲಿ ಹದಿಮೂರು ಆ ವರ್ಷದ ಕಪ್ ಫೈನಲ್ ತಲುಪಿದ ತಂಡಗಳ ಆಟಗಾರರಿಗೆ ಹೋಗಿವೆ. ಆ ಹದಿಮೂರರಲ್ಲಿ ಎಂಟು ಮಂದಿ ಸೋತವರು, ಐವರು ಗೆದ್ದವರು. ಲೀಗಿನ ಇಡೀ ಋತುವಿಗೆ ಕೊಡುವ ಪ್ರಶಸ್ತಿ ಕಪ್ ಕಡೆಗೆ ಇಷ್ಟು ವಾಲಿದ್ದು ಯಾಕೆ? ಅಂದಿನ ಇಂಗ್ಲೆಂಡಿನಲ್ಲಿ ಲೀಗಿಗಿಂತ ಕಪ್ಪಿನ ಮೋಹ ದೊಡ್ಡದಿತ್ತು. ಮತ ಹಾಕುವ ಹೊತ್ತಿಗೆ ಸೆಮಿಫೈನಲ್‌ಗಳು ಮುಗಿದಿರುತ್ತಿದ್ದವು. ಪತ್ರಿಕೆಗಳ ತುಂಬ ಫೈನಲ್ ತಲುಪಿದ ಎರಡು ತಂಡಗಳದೇ ಸುದ್ದಿ, ಆ ಸುದ್ದಿ ಬರೆಯುತ್ತಿದ್ದವರೇ ಮತದಾರರು. ಸೆಪ್ಟೆಂಬರ್‌ನಲ್ಲಿ ಮಿಂಚಿದ ಆಟಗಾರನ ಆಟ ಏಪ್ರಿಲ್‌ನ ಹೊತ್ತಿಗೆ ಹಳತಾಗಿರುತ್ತದೆ. ಹೀಗೆ ತಾರೀಖು ಎರಡು ಕಡೆಯಿಂದ ಕೆಲಸ ಮಾಡುತ್ತದೆ. ಆಮೇಲೆ ನಡೆಯುವುದನ್ನು ಪೂರ್ತಿ ಹೊರಗಿಡುತ್ತದೆ, ಸ್ವಲ್ಪ ಮುಂಚೆ ನಡೆದುದನ್ನು ಹಿಗ್ಗಿಸಿ ತೋರಿಸುತ್ತದೆ.

ಟ್ರಾಟ್‌ಮನ್ ಮತ್ತು ಮುರಿದ ಕತ್ತು

ಇದೇ ತಾರೀಖಿನ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಬರ್ಟ್ ಟ್ರಾಟ್‌ಮನ್ ಅವರ ಬಗ್ಗೆ. ಕತ್ತಿನ ಮೂಳೆ ಮುರಿದುಕೊಂಡೂ ಫೈನಲ್ ಆಡಿ ಮುಗಿಸಿದ ಗೋಲ್‌ಕೀಪರ್ ಎಂದು ಅವರ ಹೆಸರು ಪ್ರಸಿದ್ಧ. ‘ಆ ಧೈರ್ಯಕ್ಕಾಗಿಯೇ 1956ರ ಪ್ರಶಸ್ತಿ ಕೊಟ್ಟರು’ ಎಂದು ಸಾಕಷ್ಟು ಓದಿದವರೂ ಹೇಳುವುದನ್ನು ಕೇಳಿದ್ದೇನೆ. ಘಟನೆಗಳನ್ನು ಕ್ರಮವಾಗಿ ಇಟ್ಟು ನೋಡೋಣ.

ಟ್ರಾಟ್‌ಮನ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಬ್ರೆಮೆನ್‌ನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಯ ಪ್ಯಾರಾಟ್ರೂಪರ್ ಆಗಿ ರಷ್ಯದ ರಣರಂಗದಲ್ಲಿ ಹೋರಾಡಿದರು. ಕೊನೆಗೆ ಬ್ರಿಟಿಷರ ಕೈಗೆ ಸಿಕ್ಕಿ ಯುದ್ಧಕೈದಿಯಾಗಿ ಇಂಗ್ಲೆಂಡಿಗೆ ಬಂದರು. ಬಿಡುಗಡೆಯಾದ ಮೇಲೂ ಊರಿಗೆ ಮರಳದೆ ಅಲ್ಲೇ ಉಳಿದರು, ಹೊಲದಲ್ಲಿ ದುಡಿಯುತ್ತ ಸ್ಥಳೀಯ ಕ್ಲಬ್ಬಿಗೆ ಗೋಲ್‌ಕೀಪಿಂಗ್ ಮಾಡಿದರು. 1949ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅವರನ್ನು ಸೇರಿಸಿಕೊಂಡಾಗ ಊರು ಕೆರಳಿತು. ಇಪ್ಪತ್ತು ಸಾವಿರ ಜನ ಬೀದಿಗಿಳಿದರು. ಯುದ್ಧ ಮುಗಿದು ನಾಲ್ಕೇ ವರ್ಷ, ಮ್ಯಾಂಚೆಸ್ಟರ್ ಮೇಲೆ ಬಾಂಬು ಬಿದ್ದ ನೆನಪು ಇನ್ನೂ ಹಸಿಯಾಗಿತ್ತು. ಆಗ ಆ ಊರಿನ ಯಹೂದಿ ಸಮುದಾಯದ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್ ಬಹಿರಂಗ ಪತ್ರ ಬರೆದು, ಒಬ್ಬ ವ್ಯಕ್ತಿಯ ತಲೆಗೆ ಇಡೀ ದೇಶದ ಪಾಪವನ್ನು ಕಟ್ಟಬೇಡಿ, ಅವನಿಗೊಂದು ಅವಕಾಶ ಕೊಡಿ ಎಂಬ ಅರ್ಥದ ಮನವಿ ಮಾಡಿದರು. ಆಲ್ಟ್‌ಮನ್ ಅವರೇ ನಾಜಿಗಳಿಂದ ಪಾರಾಗಿ ಬಂದವರು. ಅವರ ಮಾತಿಗೆ ತೂಕವಿತ್ತು.

ಮುಂದಿನ ಏಳು ವರ್ಷ ಟ್ರಾಟ್‌ಮನ್ ಮಾಡಿದ್ದು ಒಂದೇ ಕೆಲಸ. ವಾರ ವಾರವೂ ಗೋಲಿನ ಮುಂದೆ ನಿಂತರು. ಎದುರಾಳಿಗಳ ಊರುಗಳಲ್ಲಿ ಬೈಗುಳ ಕೇಳಿದರು, ನಿಧಾನವಾಗಿ ಅದೇ ಊರುಗಳಲ್ಲಿ ಚಪ್ಪಾಳೆಯನ್ನೂ ಕೇಳಿದರು. 1956ರ ಮೇ ತಿಂಗಳಲ್ಲಿ, ಕಪ್ ಫೈನಲ್‌ಗೆ ಎರಡು ದಿನ ಮೊದಲು, ಇಂಗ್ಲೆಂಡಿನ ಪತ್ರಕರ್ತರು ಅವರನ್ನು ವರ್ಷದ ಆಟಗಾರನೆಂದು ಗೌರವಿಸಿದರು. ಆ ಬಿರುದು ಪಡೆದ ಮೊದಲ ಗೋಲ್‌ಕೀಪರ್ ಅವರೇ.

ಕತ್ತು ಮುರಿದದ್ದು ಆಮೇಲೆ. ಮೇ 5ರ ಫೈನಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯ ಪೀಟರ್ ಮರ್ಫಿ ಚೆಂಡಿನ ಬೆನ್ನಟ್ಟಿ ಬಂದರು. ಅವರ ಕಾಲಬುಡಕ್ಕೆ ಟ್ರಾಟ್‌ಮನ್ ಎಗರಿ ಚೆಂಡು ಹಿಡಿದಾಗ ಮರ್ಫಿಯವರ ಮಂಡಿ ಕತ್ತಿಗೆ ಬಡಿಯಿತು. ಆಟ ಮುಗಿಯಲು ಇನ್ನೂ ಹದಿನೇಳು ನಿಮಿಷವಿತ್ತು. ಆ ಕಾಲದಲ್ಲಿ ಬದಲಿ ಆಟಗಾರರ ವ್ಯವಸ್ಥೆ ಇರಲಿಲ್ಲ. ಓಲಾಡುತ್ತಲೇ ಎದ್ದು ನಿಂತು ಮತ್ತೆರಡು ಸಲ ಚೆಂಡು ತಡೆದರು. ಮ್ಯಾಂಚೆಸ್ಟರ್ ಸಿಟಿ 3–1ರಿಂದ ಗೆದ್ದಿತು. ಕತ್ತು ವಾರೆಯಾಗಿಯೇ ಇತ್ತು. ಅದನ್ನು ಹಿಡಿದುಕೊಂಡೇ ಪದಕ ತೆಗೆದುಕೊಂಡರು. ಕತ್ತಿನ ಮೂಳೆ ಮುರಿದಿದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾದದ್ದು ಕೆಲವು ದಿನಗಳ ನಂತರ.

ಈ ಕ್ರಮವನ್ನು ಒತ್ತಿ ಹೇಳಲು ಕಾರಣವಿದೆ. ಮುರಿದ ಕತ್ತಿಗಾಗಿ ಪ್ರಶಸ್ತಿ ಎಂದುಕೊಂಡರೆ ಅದು ಒಂದು ಮಧ್ಯಾಹ್ನದ ಸಾಹಸಕ್ಕೆ ಕೊಟ್ಟ ಮೆಚ್ಚುಗೆಯಾಗುತ್ತದೆ. ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದು. ಯಾರ ವಿರುದ್ಧ ಇಪ್ಪತ್ತು ಸಾವಿರ ಜನ ಬೀದಿಗಿಳಿದಿದ್ದರೋ ಅವರನ್ನು ಅದೇ ದೇಶದ ಪತ್ರಕರ್ತರು ಏಳು ವರ್ಷದ ಆಟ ಮತ್ತು ನಡತೆ ನೋಡಿ, ಯಾವ ಗಾಯದ ಕರುಣೆಯೂ ಇಲ್ಲದೆ, ತಮ್ಮವರಿಗಿಂತ ಮೇಲೆ ಇಟ್ಟರು. ಅವರು ಈ ಪ್ರಶಸ್ತಿ ಪಡೆದ, ಬ್ರಿಟನ್ ಮತ್ತು ಐರ್ಲೆಂಡಿನ ಹೊರಗಿನ ಮೊದಲ ಆಟಗಾರ. ಪಟ್ಟಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವ ಸಾಲು ಇದೇ.

ಬಾಬಿ ಮೂರ್ ಅವರ ಇಸವಿಯನ್ನೂ ಜನ ಹೀಗೆಯೇ ಜಾರಿಸುತ್ತಾರೆ. ವಿಶ್ವಕಪ್ ಎತ್ತಿಹಿಡಿದ ನಾಯಕನಿಗೆ 1966ರಲ್ಲಿ ಪ್ರಶಸ್ತಿ ಬಂದಿರಬೇಕೆಂದು ಅಂದುಕೊಳ್ಳುತ್ತಾರೆ. ವಿಶ್ವಕಪ್ ನಡೆದದ್ದು ಜುಲೈನಲ್ಲಿ, ಮತ ಮುಗಿದು ಎಷ್ಟೋ ವಾರಗಳ ಮೇಲೆ. 1966ರದು ಬಾಬಿ ಚಾರ್ಲ್‌ಟನ್‌ಗೆ, ಮರುವರ್ಷದ್ದು ಅವರ ಅಣ್ಣ ಜಾಕ್ ಚಾರ್ಲ್‌ಟನ್‌ಗೆ ಹೋಯಿತು. ಮೂರ್ ಅವರದು ಆಗಲೇ ಹೇಳಿದಂತೆ 1964ರದು.

ಎದುರಾಳಿಯ ಮತ

ಇನ್ನು ಆಟಗಾರರ ಸಂಘದ ಪ್ರಶಸ್ತಿ. ಇದರಲ್ಲಿ ಮತ ಹಾಕುವವರು ವೃತ್ತಿಪರ ಆಟಗಾರರು, ತಮ್ಮ ತಂಡದವರಿಗೇ ಮತ ಹಾಕುವಂತಿಲ್ಲ. ಈ ಒಂದು ನಿಯಮ ಇಡೀ ಪ್ರಶಸ್ತಿಯ ಗುಣವನ್ನೇ ಬದಲಾಯಿಸುತ್ತದೆ. ಇಲ್ಲಿ ಬೀಳುವ ಪ್ರತಿಯೊಂದು ಮತವೂ ಎದುರಾಳಿಯ ಮತ. ‘ನನ್ನನ್ನು ಅತಿ ಹೆಚ್ಚು ಕಾಡಿದವನು ಯಾರು?’ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಅದು. ಪತ್ರಕರ್ತರು ಗ್ಯಾಲರಿಯಲ್ಲಿ ಕೂತು ಋತುವಿನುದ್ದಕ್ಕೂ ಹತ್ತಾರು ತಂಡಗಳನ್ನು ನೋಡುತ್ತಾರೆ, ಒಂದು ಕತೆಯಾಗಿ ಹೆಣೆಯುತ್ತಾರೆ. ಆಟಗಾರನಿಗೆ ಅಷ್ಟು ಪುರುಸೊತ್ತಿಲ್ಲ, ಬೇರೆಯವರು ಆಡುವ ಹೊತ್ತಿಗೆ ಅವನೂ ಬೇರೆಲ್ಲೋ ಆಡುತ್ತಿರುತ್ತಾನೆ. ಆದರೆ ಅವನಿಗೆ ಗೊತ್ತಿರುವ ಒಂದು ವಿಷಯ ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತಿಲ್ಲ: ಆ ವೇಗ, ಆ ಬಲ ಮೈಗೆ ತಾಗಿದಾಗ ಹೇಗಿರುತ್ತದೆ ಎಂಬುದು.

ಎರಡೂ ಪ್ರಶಸ್ತಿಗಳಿದ್ದ ಮೊದಲ ವರ್ಷವೇ ಎರಡು ಹೆಸರು ಬಂದವು. 1974ರಲ್ಲಿ ಆಟಗಾರರು ನಾರ್ಮನ್ ಹಂಟರ್ ಎಂದರೆ ಪತ್ರಕರ್ತರು ಲಿವರ್‌ಪೂಲ್‌ನ ಇಯಾನ್ ಕ್ಯಾಲಹನ್ ಎಂದರು. ಹಂಟರ್ ಎದುರಾಳಿಗಳ ಮೊಣಕಾಲಿಗೆ ಭಯ ಹುಟ್ಟಿಸುತ್ತಿದ್ದ ಡಿಫೆಂಡರ್, ಅವರಿಗೆ ಮತ ಹಾಕಿದವರಲ್ಲಿ ಅವರಿಂದ ಪೆಟ್ಟು ತಿಂದವರೂ ಇದ್ದಿರಲೇಬೇಕು. 2011ರಲ್ಲಿ ಆಟಗಾರರ ಮತ ಗ್ಯಾರೆತ್ ಬೇಲ್ ಕಡೆಗೆ ಹೋಯಿತು. ಆ ಋತುವಿನ ಅಕ್ಟೋಬರ್‌ನಲ್ಲಿ ಅವರು ಮಿಲಾನ್‌ನಲ್ಲಿ ಇಂಟರ್ ವಿರುದ್ಧ ಮೂರು ಗೋಲು ಹೊಡೆದಿದ್ದರು, ಆ ಓಟವನ್ನು ನೋಡಿದ ಯಾವ ಡಿಫೆಂಡರನಿಗೂ ನಿದ್ದೆ ಬಂದಿರಲಾರದು. ಪತ್ರಕರ್ತರು ಆರಿಸಿದ್ದು ವೆಸ್ಟ್ ಹ್ಯಾಮ್‌ನ ಸ್ಕಾಟ್ ಪಾರ್ಕರ್ ಅವರನ್ನು. ವೆಸ್ಟ್ ಹ್ಯಾಮ್ ಆ ವರ್ಷ ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದು ಕೆಳಗಿನ ಡಿವಿಷನ್ನಿಗೆ ಇಳಿಯಿತು! ಮುಳುಗುತ್ತಿದ್ದ ತಂಡವನ್ನು ವಾರ ವಾರವೂ ಎತ್ತಿಹಿಡಿಯಲು ಹೆಣಗಿದವರ ಕತೆ ಬರೆಯುವವರ ಮನಸ್ಸನ್ನು ತಟ್ಟಿತು. ಯಾರು ಸರಿ? ಇಬ್ಬರೂ. ಎರಡು ಗುಂಪುಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿವೆ, ಅಷ್ಟೇ.

ತಾರೀಖಿನ ಆಟ ಇಲ್ಲೂ ಇತ್ತು. ಬಹುಕಾಲ ಆಟಗಾರರ ಮತಪತ್ರಗಳು ಋತು ಮುಗಿಯಲು ಇನ್ನೂ ವಾರಗಳಿರುವಾಗಲೇ ಭರ್ತಿಯಾಗುತ್ತಿದ್ದವು, ಸಮಾರಂಭ ಏಪ್ರಿಲ್ ಕೊನೆಗೆ ನಡೆಯುತ್ತಿತ್ತು. 2016ರಲ್ಲಿ ಲೆಸ್ಟರ್ ಸಿಟಿಯ ರಿಯಾದ್ ಮಹ್ರೇಜ್ ವೇದಿಕೆ ಹತ್ತಿದ್ದು ಏಪ್ರಿಲ್‌ನಲ್ಲಿ. ಯಾರೂ ನಿರೀಕ್ಷಿಸದಿದ್ದ ಆ ತಂಡ ಲೀಗ್ ಗೆದ್ದದ್ದು ಖಚಿತವಾದದ್ದು ಮೇ 2ರಂದು. ಅದೇ ಋತುವಿಗೆ ಪತ್ರಕರ್ತರು ಅದೇ ತಂಡದ ಜೇಮಿ ವಾರ್ಡಿಯನ್ನು ಆರಿಸಿದರು. ಸತತ ಹನ್ನೊಂದು ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಬರೆದವರು ವಾರ್ಡಿ. ಈಚಿನ ವರ್ಷಗಳಲ್ಲಿ ಆಟಗಾರರ ಸಂಘ ಸಮಾರಂಭವನ್ನು ಋತುವಿನ ಆಚೆಗೆ, ಆಗಸ್ಟ್‌ವರೆಗೂ ಸರಿಸಿದೆ.

2009ರ ಮತವನ್ನೂ ಹೇಳದೆ ಮುಂದೆ ಹೋಗಲಾರೆ. ಆ ವರ್ಷ ಆಟಗಾರರು ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ ಅವರನ್ನು ಆರಿಸಿದರು. ಮೂವತ್ತೈದರ ಗಿಗ್ಸ್ ಆ ಹೊತ್ತಿಗೆ ಲೀಗಿನಲ್ಲಿ ಮೊದಲ ಹನ್ನೊಂದರಲ್ಲಿ ಆಡಿದ್ದು ಹನ್ನೆರಡೇ ಪಂದ್ಯ. ಟೀಕೆಗಳು ಬಂದವು. ಅಷ್ಟು ವರ್ಷ ಆಡಿಯೂ ಅವರಿಗೆ ಒಮ್ಮೆಯೂ ಈ ಪ್ರಶಸ್ತಿ ಬಂದಿರಲಿಲ್ಲ. ಮತದಾರರು ಒಂದು ಋತುವನ್ನಲ್ಲ, ಇಡೀ ವೃತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡರು. ಪತ್ರಕರ್ತರೂ ಇದನ್ನೇ ಹಿಂದೊಮ್ಮೆ ಮಾಡಿದ್ದರು. 1963ರಲ್ಲಿ ಮ್ಯಾಥ್ಯೂಸ್‌ಗೆ ಎರಡನೆಯ ಸಲ ಪ್ರಶಸ್ತಿ ಬಂದಾಗ ಅವರು ಎರಡನೆಯ ಡಿವಿಷನ್ನಿನ ಸ್ಟೋಕ್ ಸಿಟಿಯಲ್ಲಿದ್ದರು, ವಯಸ್ಸು ನಲವತ್ತೆಂಟು. ಸ್ಟೋಕ್ ಆ ವರ್ಷ ಡಿವಿಷನ್ ಗೆದ್ದು ಮೇಲೇರಿತು. ಅದು ಬರೀ ಅಭಿಮಾನದ ಮತವಲ್ಲ, ಆದರೆ ಅಭಿಮಾನ ಬೆರೆಯದ ಮತವೂ ಅಲ್ಲ.

ಮತ ಹಂಚಿಹೋಗುವುದು ಇನ್ನೊಂದು ಸೂಕ್ಷ್ಮ. ನೂರು ಮತದಾರರಿದ್ದಾರೆ, ತಲಾ ಒಂದು ಮತ ಎಂದಿಟ್ಟುಕೊಳ್ಳಿ. ಲೀಗ್ ಗೆದ್ದ ತಂಡದಲ್ಲಿ ಸರಿಸಮನಾಗಿ ಮಿಂಚಿದವರು ಇಬ್ಬರು. ಆ ತಂಡವನ್ನು ಮೆಚ್ಚಿದ ಅರವತ್ತು ಮಂದಿಯ ಮತ ಮೂವತ್ತು, ಮೂವತ್ತಾಗಿ ಒಡೆಯಿತು. ಮಿಕ್ಕ ನಲವತ್ತು ಮಂದಿ ಬೇರೊಂದು ತಂಡದ ಒಬ್ಬನಿಗೇ ಕೊಟ್ಟರೆ ಅವನು ಗೆದ್ದ. ಬಹುಪಾಲು ಮತದಾರರಿಗೆ ಅವನು ಮೊದಲ ಆಯ್ಕೆಯಾಗಿರಲಿಲ್ಲ, ಆದರೂ ಪಟ್ಟಿಯಲ್ಲಿ ಉಳಿಯುವುದು ಅವನ ಹೆಸರೇ. ಮತಗಳು ತೀರ ಹತ್ತಿರ ಬಂದದ್ದೂ ಉಂಟು. 1969ರಲ್ಲಿ ಬರಹಗಾರರ ಸಂಘದ ಮತಗಳು ಸರಿಸಮವಾಗಿ ಬಿದ್ದು ಪ್ರಶಸ್ತಿಯನ್ನು ಇಬ್ಬರು ಹಂಚಿಕೊಂಡರು. ಒಬ್ಬರು ಮ್ಯಾಂಚೆಸ್ಟರ್ ಸಿಟಿಯ ಟೋನಿ ಬುಕ್, ಇಟ್ಟಿಗೆ ಕಟ್ಟುವ ಗಾರೆ ಕೆಲಸ ಮಾಡಿಕೊಂಡು ಸಣ್ಣ ಕ್ಲಬ್ಬುಗಳಲ್ಲಿ ಆಡುತ್ತಿದ್ದು ಮೂವತ್ತರ ಆಸುಪಾಸಿನಲ್ಲಿ ದೊಡ್ಡ ಆಟಕ್ಕೆ ಬಂದವರು. ಇನ್ನೊಬ್ಬರು ಡರ್ಬಿ ಕೌಂಟಿಯ ಡೇವ್ ಮಕಾಯ್. 2018ರಲ್ಲಿ ಮೊಹಮ್ಮದ್ ಸಲಾಹ್ ಅವರು ಕೆವಿನ್ ಡಿ ಬ್ರೂಯ್ನ ಅವರನ್ನು ಹಿಂದಿಕ್ಕಿದ್ದು ಇಪ್ಪತ್ತಕ್ಕೂ ಕಡಿಮೆ ಮತಗಳಿಂದ. ಅದೇ ಸಲಾಹ್‌ಗೆ 2025ರಲ್ಲಿ ಎದುರೇ ಇರಲಿಲ್ಲ. ಎರಡೂ ಸಂಘಗಳ ಪ್ರಶಸ್ತಿ ಅವರಿಗೇ ಬಂತು. ಆಟಗಾರರ ಸಂಘದ ಪ್ರಶಸ್ತಿಯನ್ನು ಮೂರು ಸಲ ಪಡೆದ ಮೊದಲಿಗರು ಅವರೇ. ಬರಹಗಾರರದನ್ನು ಮೂರು ಸಲ ಪಡೆದವರು ಅವರಿಗಿಂತ ಮೊದಲು ಆರ್ಸೆನಲ್‌ನ ಥಿಯರಿ ಆನ್ರಿ ಮಾತ್ರ.

ನಮ್ಮ ಪಟ್ಟಿ, ನಮ್ಮವರು

ಭಾರತದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊಡುವ ವರ್ಷದ ಆಟಗಾರ ಪ್ರಶಸ್ತಿ ಶುರುವಾದದ್ದು 1992ರಲ್ಲಿ. ಕೇರಳದ ಐ.ಎಂ. ವಿಜಯನ್ ಅದನ್ನು 1993, 1997, 1999ರಲ್ಲಿ ಪಡೆದರು. ಸುನಿಲ್ ಛೆಟ್ರಿ ಏಳು ಸಲ ಪಡೆದರು, ಅದನ್ನು ಯಾರೂ ಮುಟ್ಟಿಲ್ಲ. ಆ ಏಳರಲ್ಲಿ 2014, 2017, 2018–19, 2021–22ರವು ಅವರು ಬೆಂಗಳೂರು ಎಫ್‌ಸಿ ನಾಯಕರಾಗಿದ್ದಾಗಿನವು, ಕಂಠೀರವ ಕ್ರೀಡಾಂಗಣದ ಗ್ಯಾಲರಿಗೆ ಇದರಲ್ಲಿ ಪಾಲಿದೆ. ಈ ಇಸವಿಗಳನ್ನೇ ಗಮನಿಸಿ ನೋಡಿ. ಮೊದಲಿನವು ಒಂದೇ ಇಸವಿ, ಆಮೇಲಿನವು ಜೋಡಿ ಇಸವಿ. ಪಟ್ಟಿ ವರ್ಷದ ಲೆಕ್ಕದಿಂದ ಋತುವಿನ ಲೆಕ್ಕಕ್ಕೆ ಹೊರಳಿದೆ. ಅಂಥ ಕಡೆ ಯಾವ ಪಂದ್ಯ ಯಾವ ಪ್ರಶಸ್ತಿಗೆ ಸೇರುತ್ತದೆ ಎಂದು ನಿಂತು ನೋಡಬೇಕಾಗುತ್ತದೆ.

1992ಕ್ಕಿಂತ ಮುಂಚಿನವರ ಗತಿಯೇನು? ಮ್ಯಾಥ್ಯೂಸ್ ಇಂಗ್ಲೆಂಡಿನ ಮೊದಲ ವರ್ಷದ ಆಟಗಾರರೆನಿಸಿದ್ದು 1948ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. 2–1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಫಾರ್ವರ್ಡ್‌ಗಳನ್ನು ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದರಲ್ಲ, ಅವರಲ್ಲಿ ಒಬ್ಬರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ನಮ್ಮ ಕೆಂಪಯ್ಯ ಆಡಿದರು. ಮೈಸೂರು ತಂಡ 1946–47, 1952–53, 1967–68, 1968–69ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ, ಐವತ್ತನಾಲ್ಕು ವರ್ಷಗಳ ಮೇಲೆ.

ಆ ನಾಲ್ಕು ಗೆಲುವಿನ ಋತುಗಳಲ್ಲಿ ಮೈಸೂರಿನ ಅತ್ಯುತ್ತಮ ಆಟಗಾರ ಯಾರು ಎಂದು ಅಂದು ಯಾರೂ ಮತ ಹಾಕಿ ಬರೆದಿಡಲಿಲ್ಲ. ಪತ್ರಿಕೆಗಳಂತೂ ಇವೆ. ಹಳೆಯ ಕನ್ನಡ, ಇಂಗ್ಲಿಷ್ ದಿನಪತ್ರಿಕೆಗಳ ಕ್ರೀಡಾಪುಟಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಇತಿಹಾಸ ಓದುವ, ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇದು: ಒಂದು ಋತುವನ್ನು ಹಿಡಿಯಿರಿ, ಉದಾಹರಣೆಗೆ 1967–68. ಮೈಸೂರು ತಂಡದ ಪ್ರತಿಯೊಂದು ಪಂದ್ಯದ ವರದಿಯನ್ನೂ ದಿನಾಂಕ ಸಹಿತ ನಕಲು ಮಾಡಿಕೊಳ್ಳಿ. ಯಾರ ಹೆಸರು ಎಷ್ಟು ಸಲ, ಯಾವ ಕಾರಣಕ್ಕೆ ಬಂದಿದೆ ಎಂದು ಗುರುತು ಹಾಕಿ. ಗೋಲು ಹೊಡೆದವರ ಹೆಸರು ಸುಲಭವಾಗಿ ಸಿಗುತ್ತದೆ, ಆದ್ದರಿಂದ ಡಿಫೆಂಡರ್‌ಗಳನ್ನೂ ಗೋಲ್‌ಕೀಪರನನ್ನೂ ಹೆಚ್ಚು ಗಮನವಿಟ್ಟು ಹುಡುಕಿ. ಬೆಂಗಳೂರಿನ ಆಸ್ಟಿನ್ ಟೌನ್, ಮರ್ಫಿ ಟೌನ್ ಸುತ್ತಮುತ್ತ ಆ ಪಂದ್ಯಗಳನ್ನು ಕಣ್ಣಾರೆ ಕಂಡ ಹಿರಿಯರು ಸಿಕ್ಕರೆ ಅವರ ಮಾತನ್ನು ಬೇರೆಯಾಗಿ ಬರೆದುಕೊಳ್ಳಿ, ಪತ್ರಿಕೆಯ ಮಾತಿನೊಡನೆ ಬೆರೆಸಬೇಡಿ. ಪತ್ರಕರ್ತರ ಮತ ಒಂದು, ನೋಡಿದವರ ಮತ ಇನ್ನೊಂದು. ಎರಡೂ ಪಟ್ಟಿಗಳು ಬೇಕು.